ಪೆಟ್ವೇ ಕಲಿಸಿದ ಗಂಟು

ಅಮೆರಿಕದ ಮೆಂಫಿಸ್‌ ಊರಿನ ಕಪ್ಪು ಜನಾಂಗದ ಸರ್ಜನ್ನರ ಸಂಘದಲ್ಲಿ ಅರವತ್ಮೂರು ಸದಸ್ಯರು. ಕಾರ್ಯದರ್ಶಿ ವರ್ಲೀನ್ ಬ್ಯಾಟಿಸ್ಟ್ ಒಂದೇ ವಾರದಲ್ಲಿ ಎಲ್ಲರಿಗೂ ನಾಲ್ಕು ಸಲ ಮೇಲ್ ಬರೆದಳು. ಬಂದ ಉತ್ತರ ಎರಡು. ಒಂದು, 'ರಜೆಯಲ್ಲಿದ್ದೇನೆ' ಎಂದು ಯಂತ್ರವೇ ಕಳಿಸಿದ್ದು. ಇನ್ನೊಂದು, 'ಈ ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ'.

ಅವಳೇನು ಆಕಾಶ ಕೇಳಿದ್ದಳೇ? ಒಡೆಸ್ಸಾ ಟಾಲಿವರ್ ಎಂಬ ಹುಡುಗಿ ಸರ್ಜರಿಯಲ್ಲಿ ಮೂರನೇ ವರ್ಷದ ತರಬೇತಿಯಲ್ಲಿದ್ದಳು. ಅವಳ ಆಸ್ಪತ್ರೆಯ ಹನ್ನೆರಡು ತರಬೇತಿ ವೈದ್ಯರಲ್ಲಿ ಕಪ್ಪು ಬಣ್ಣದವಳು ಅವಳೊಬ್ಬಳೇ. ಮಂಗಳವಾರಗಳಲ್ಲಿ ಮನೆಗೆ ಕರೆದು, ಬೈದು, ಕಲಿಸುತ್ತಿದ್ದ ಸಂಘದ ಮುದುಕ ಸರ್ಜನ್ ಓಜೆಲ್ ಪೆಟ್ವೇ ಹೋದ ವಾರ ತೀರಿಕೊಂಡಿದ್ದರು. ಒಡೆಸ್ಸಾಳ ಚೀಲದಲ್ಲಿ ರಾಜೀನಾಮೆ ಪತ್ರ ಕೂತಿತ್ತು. ಹಿರಿಯರೊಬ್ಬರು ಅವಳ ಕೈ ಹಿಡಿದರೆ ಸಾಕಿತ್ತು.

ಮೀಟಿಂಗಿಗೆ ಆರು ಜನ ಬಂದರೆ ಹಬ್ಬ. ಪೆಟ್ವೇಯವರ ಅಂತ್ಯಕ್ರಿಯೆಗೆ ಐವತ್ತೆಂಟು ಜನ ಬಂದರು! ಚರ್ಚಿನ ನೆಲಮಾಳಿಗೆಯಲ್ಲಿ ತಟ್ಟೆ ತುಂಬ ಕರಿದ ಕೋಳಿ, ಬೇಯಿಸಿದ ಸೊಪ್ಪು ಹೇರಿಕೊಂಡು ನಿಂತವರನ್ನು ಕಂಡು ವರ್ಲೀನಳ ಮೈಯೆಲ್ಲ ಉರಿಯಿತು.

"ಒಡೆಸ್ಸಾನ ಯಾರು ನೋಡ್ಕೋತೀರಿ? ಈಗಲೇ ಹೇಳಿ," ಎಂದು ಕೂಗಿದಳು.

ಎಲ್ಲರೂ ಇನ್ನಷ್ಟು ಸೊಪ್ಪು ಬಡಿಸಿಕೊಳ್ಳಲು ತಿರುಗಿದರು. ಎದೆಯ ಸರ್ಜನ್ ರೂಫಸ್ ಗೇನ್ಸ್ ಮಾತ್ರ ಮೂಳೆ ಚೀಪುತ್ತಾ, "ಒಂದು ಮೇಲ್ ಹಾಕು ಕಣೆ, ನೋಡೋಣ," ಎಂದ.

"ನಾಲ್ಕು ಹಾಕಿದೀನಿ ಕಣಯ್ಯಾ! ಇನ್ನೇನು ನಿನ್ನ ಹಣೆ ಮೇಲೆ ಬರೀಲಾ?"

ತೀರಿಕೊಂಡ ಸದಸ್ಯರ ಕುರ್ಚಿಗೆ ಒಬ್ಬೊಬ್ಬರೂ ಗಾಯ ಹೊಲಿಯುವ ದಾರದಲ್ಲಿ ಒಂದು ಗಂಟು ಹಾಕುವುದು ಸಂಘದ ವಾಡಿಕೆ. ಪೆಟ್ವೇಯವರ ಕುರ್ಚಿಗೂ ಎಲ್ಲರೂ ಹಾಕಿದ ಮೇಲೆ, ಕೊನೆಗೆ ಒಡೆಸ್ಸಾಳ ಸರದಿ ಬಂತು. ಅವಳು ಹಾಕಿದ ಗಂಟು ಎಳೆದರೆ ಜಾರಿತು. ಮತ್ತೆ ಹಾಕಿದಳು, ಮತ್ತೆ ಜಾರಿತು.

ರೂಫಸ್ ತಟ್ಟೆ ಕೆಳಗಿಟ್ಟ. "ಅಯ್ಯೋ ದೇವರೇ! ಬೆರಳು ಹಾಗಲ್ಲಮ್ಮಾ ತಿರುಗಿಸೋದು."

"ನೀನು ಹೇಳೋದೂ ತಪ್ಪು," ಎಂದು ಇನ್ನೊಬ್ಬ ನುಗ್ಗಿದ. ಮೂರನೆಯವಳು ಇಬ್ಬರನ್ನೂ ತಳ್ಳಿದಳು. ಕ್ಷಣದಲ್ಲಿ ಕುರ್ಚಿಯ ಸುತ್ತ ಸಂತೆ ನೆರೆಯಿತು.

"ಮಂಗಳವಾರ ನನ್ನ ಮನೆಗೆ ಬಾ, ಆರು ಗಂಟೆಗೆ," ಎಂದ ರೂಫಸ್. "ಪೆಟ್ವೇ ಹೆಸರು ಕೆಡಿಸ್ತೀಯ ನೀನು."

"ಗುರುವಾರ ನನ್ನ ಹತ್ರ," ಎಂದಳು ಮೂರನೆಯವಳು. ವರ್ಲೀನ್ ಕೈಗೆ ಸಿಕ್ಕ ಕಾಗದದ ಕರವಸ್ತ್ರದ ಮೇಲೆ ಹೆಸರುಗಳನ್ನು ಬರೆದುಕೊಂಡಳು. ಒಂಬತ್ತಾದವು.

ಜನ ಕೇಕಿನತ್ತ ಸರಿದ ಮೇಲೆ ಒಡೆಸ್ಸಾ ಬಗ್ಗಿ, ಎಡಗೈಯೊಂದರಲ್ಲೇ, ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟು ಬಿಗಿದಳು. ವರ್ಲೀನ್ ಎಳೆದು ನೋಡಿದಳು. ಕಬ್ಬಿಣದಂತಿತ್ತು.

"ನಿಂಗೆ ಬರುತ್ತಲ್ಲೇ!"

"ಪೆಟ್ವೇಯವರೇ ಹೇಳಿದ್ರು, ಡಾಕ್ಟರ್. ಸಹಾಯ ಕೇಳಿದ್ರೆ ಸರ್ಜನ್‌ಗೆ ಪುರುಸೊತ್ತಿರಲ್ಲ, ತಪ್ಪು ಗಂಟು ಕಂಡ್ರೆ ಮಾತ್ರ ಸಮಾಧಿಯಿಂದಲೂ ಎದ್ದು ಬರ್ತಾನೆ. ನಾನು ಹೋದ ಮೇಲೆ ನನ್ನ ಕುರ್ಚಿಗೆ ಅಂಥದ್ದೊಂದು ಹಾಕು ಅಂತ." ಒಡೆಸ್ಸಾ ಚೀಲದಿಂದ ಪತ್ರ ತೆಗೆದು ವರ್ಲೀನಳ ಕೈಗಿಟ್ಟಳು. "ಇದು ಇನ್ನು ಬೇಡ."

ವರ್ಲೀನ್ ಪೆಟ್ವೇಯವರ ಫೋಟೋದತ್ತ ತಿರುಗಿದಳು. ಕಣ್ಣು ತುಂಬಿತ್ತು, ಸಿಟ್ಟು ಇಳಿದಿರಲಿಲ್ಲ.

"ಏನ್ ಮುದುಕಪ್ಪಾ ನೀನು! ನಂಗೊಂದು ಮಾತು ಮೊದಲೇ ಹೇಳೋಕೇನಾಗಿತ್ತು?"