ಕೆಸರಿನ ಪಾಲು

ಚಿಟ್ಟೆಯ ಪಾಲು ತಂಗಿಗೆ, ಕೆಸರಿನ ಪಾಲು ಅಕ್ಕನಿಗೆ. ಮೇಷ್ಟ್ರು ಹೀಗೆ ಹಂಚಿದ ದಿನದಿಂದ ಅಕ್ಕನ ಹೊಟ್ಟೆಯೊಳಗೆ ಕೆಂಡ ಬಿದ್ದಿತ್ತು. ಊರಾಚೆಯ ಜೌಗುನೆಲವನ್ನೂ ಅಲ್ಲಿ ಹಾರುವ ಚಿಟ್ಟೆಗಳನ್ನೂ ನೋಡಿಬಂದು, ಊದುವಾದ್ಯಗಳ ತಮ್ಮ ಪುಟ್ಟ ಮೇಳಕ್ಕೆಂದು ಅವರು ಹೊಸ ಕೃತಿ ಬರೆದಿದ್ದರು. ಅಕ್ಕತಂಗಿ ಇಬ್ಬರದೂ ಶಹನಾಯಿಯನ್ನು ಹೋಲುವ ಓಬೋ. ತಂಗಿಗೆ ಪುಟ ತುಂಬ ಕುಣಿಯುವ ಸ್ವರಗಳು. ಅಕ್ಕನಿಗೆ ಕೆಳಗಿನ ಒಂದೇ ಸ್ವರ, ಎಳೆದದ್ದೇ ಎಳೆದದ್ದು.

"ಕೆಸರಿಲ್ದೆ ಚಿಟ್ಟೆ ಎಲ್ಲಿಂದ ಬರ್ಬೇಕಮ್ಮಾ?" ಎಂದು ಮೇಷ್ಟ್ರು ಸಮಾಧಾನ ಹೇಳಿದ್ದರು. ಇಂಥ ಸಮಾಧಾನಕ್ಕಿಂತ ಎರಡು ಬೈಗುಳ ವಾಸಿ.

ತಂಗಿಗೆ ಓಬೋ ಹಿಡಿಯಲು ಕಲಿಸಿದವಳೇ ಅಕ್ಕ. ಈಗಲೂ ಅವಳ ರೀಡು ಮಾಡಿಕೊಡುವವಳು ಇವಳೇ. ರೀಡೆಂದರೆ ವಾದ್ಯದ ತುದಿಗೆ ಸಿಕ್ಕಿಸಿ ತುಟಿಯಲ್ಲಿ ಹಿಡಿಯುವ ಜೊಂಡಿನ ತುಂಡು. ಚಾಕುವಿನಿಂದ ಕೆರೆಯಬೇಕು, ಊದಿ ನೋಡಬೇಕು, ಮತ್ತೆ ಕೆರೆಯಬೇಕು. ಎಲ್ಲಿ ನಿಲ್ಲಿಸಬೇಕೆಂಬುದು ಕೈಗೆ ಗೊತ್ತಿರಬೇಕು. ಈ ಸಲವೂ ಅಕ್ಕನ ಕೈಗೆ ಗೊತ್ತಿತ್ತು, ಆದರೆ ನಿಲ್ಲಲಿಲ್ಲ. ಅಷ್ಟು ತೆಳುವಾದ ರೀಡಿನಲ್ಲಿ ಸ್ವರ ಜಾರುತ್ತದೆ, ಮೇಲಿನ ಸ್ವರಗಳಂತೂ ಕೈಕೊಡುತ್ತವೆ. ತಾಲೀಮಿನಲ್ಲಿ ತಂಗಿ ಎಡವಿದರೆ ಸಾಕು, ಮೇಷ್ಟ್ರು ಪಾಲು ಅದಲುಬದಲು ಮಾಡುತ್ತಾರೆ ಎಂಬುದು ಅವಳ ಲೆಕ್ಕಾಚಾರ.

ಕೊನೆಯ ತಾಲೀಮು. ಅಕ್ಕ ತನ್ನ ಕೆಸರನ್ನು ಎಳೆಯುತ್ತಾ ಕಾದಳು. ತಂಗಿಯ ಮೊದಲ ಸ್ವರ ಅಲುಗಿತು. ಅಕ್ಕನಿಗೆ ಹಾಯೆನಿಸಿತು. ಮುಂದಿನದೂ ಅಲುಗಿತು, ಆದರೆ ಬೀಳಲಿಲ್ಲ. ತಂಗಿ ಅದನ್ನು ತುಟಿಯಲ್ಲೇ ಎತ್ತಿ ಹಿಡಿದಳು. ಮೆತ್ತಗೆ, ನಡುಗುತ್ತಾ, ಆಗಷ್ಟೇ ರೆಕ್ಕೆ ಬಿಚ್ಚಿದ ಚಿಟ್ಟೆಯೇ ಎದ್ದಂತೆ ಆ ರಾಗ ಕೊನೆಯವರೆಗೂ ಹೋಯಿತು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನಾನು ಬರ್ದಿದ್ದಕ್ಕಿಂತ ಚೆನ್ನಾಗಿದೆ. ಆ ನಡುಕ ಎಲ್ಲಿಂದ ತಂದೆ?"

"ಅಕ್ಕನ ರೀಡು," ಎಂದಳು ತಂಗಿ.

ಎಲ್ಲರೂ ಅಕ್ಕನತ್ತ ತಿರುಗಿ ಚಪ್ಪಾಳೆ ತಟ್ಟಿದರು. ಕೂತಲ್ಲೇ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು ಅವಳಿಗೆ.

ವಾದ್ಯ ಒರೆಸಿ ಪೆಟ್ಟಿಗೆಗಿಡುವಾಗ ತಂಗಿ ಪಕ್ಕಕ್ಕೆ ಬಂದಳು. "ಜಾಸ್ತಿ ಕೆರ್ದಿದ್ದೀಯ ಅಲ್ವಾ ಅಕ್ಕ? ತುಟಿಗಿಟ್ಟ ಕೂಡ್ಲೇ ಗೊತ್ತಾಯ್ತು."

"ಗೊತ್ತಿದ್ದೂ ಅದನ್ನೇ ಯಾಕೆ ಊದ್ದೆ? ಹಳೇದಿತ್ತಲ್ಲ."

"ಇತ್ತು. ಎಲ್ರ ಎದುರು ಬದಲಾಯಿಸಿದ್ರೆ ನಿಂಗೆ ನಾಚಿಕೆ ಆಗ್ತಿತ್ತು." ತಂಗಿ ರೀಡನ್ನು ಬೆಳಕಿಗೆ ಹಿಡಿದಳು. "ಇದು ಇವತ್ತಿಗೇ ಮುಗೀತು. ನಾಳೆ ಕಛೇರಿಗೆ ಇಂಥದ್ದೇ ಬೇಕಂತೆ ಮೇಷ್ಟ್ರಿಗೆ. ಮಾಡ್ಕೊಡ್ತೀಯಾ?"

ಬೈದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳು. ಚಿಟ್ಟೆಯ ಜೊತೆಗೆ ದೊಡ್ಡತನವೂ ತಂಗಿಯ ಪಾಲಿಗೇ ಹೋಗಿತ್ತು. ಹೊಟ್ಟೆ ಇನ್ನಷ್ಟು ಉರಿಯಿತು.

ಮನೆಗೆ ಬಂದವಳೇ ಅಡುಗೆಮನೆಯ ಮೇಜಿನ ಮುಂದೆ ಕೂತು ಚಾಕು ಹಿಡಿದಳು. ಈಗ ತಂಗಿಯ ಚಿಟ್ಟೆಯನ್ನು ಕೆಡಿಸಬೇಕೆಂದರೆ ರೀಡನ್ನು ಚೆನ್ನಾಗಿ ಮಾಡಿಕೊಟ್ಟರೆ ಸಾಕಿತ್ತು. ಕೈ ನಿಲ್ಲಬೇಕಾದ ಜಾಗಕ್ಕೆ ಬಂದು ನಿಂತಿತು. ಬಹಳ ಹೊತ್ತು ನಿಂತಿತು.

ಆಮೇಲೆ ಅಕ್ಕ ಹಲ್ಲು ಕಚ್ಚಿಕೊಂಡು, ತಂಗಿ ಕೇಳಿದಷ್ಟು ತೆಳ್ಳಗೆ, ಇನ್ನಷ್ಟು ಕೆರೆದಳು.