ಕೋಳಿಗಳಿಗೆ ಕಾಳು ಹಾಕಿದ್ದು ಯಾರು?

ಪ್ರೊಫೆಸರರು ಓದುತ್ತಿದ್ದ ಕಥೆಯ ಮೊದಲನೆಯ ವಾಕ್ಯ ಎರಡನೆಯ ಪುಟಕ್ಕೆ ಕಾಲಿಡುವ ಹೊತ್ತಿಗೆ ಮುಂದಿನ ಸಾಲಿನ ಹುಡುಗನೊಬ್ಬ ಆಕಳಿಸಿದ. ಸಣ್ಣ ಆಕಳಿಕೆಯಲ್ಲ, ದವಡೆ ಲಟಕ್ಕೆಂದಿತು. ಅದು ಅಂಟುರೋಗದ ಹಾಗೆ ಕಿಟಕಿಯ ಸಾಲಿಗೆ ಹಬ್ಬಿ, ಅಲ್ಲಿಂದ ಹಿಂದಕ್ಕೆ ಸರಿದು, ಕಪಾಟಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ ಕ್ಲಾಸ್ ಟೀಚರನ್ನೂ ಹಿಡಿಯಿತು. ಕ್ಲಾಸ್ ಟೀಚರ್ ಎಂದರೆ ಪ್ರೊಫೆಸರರ ಸ್ವಂತ ತಂಗಿ. ಅವಳು ಬಾಯಿಗೆ ಅಂಗೈ ಅಡ್ಡ ಹಿಡಿದುಕೊಂಡೇ ಅಣ್ಣನಿಗೆ ಮುಂದುವರಿಸು ಎಂದು ಸನ್ನೆ ಮಾಡಿದಳು.

ಪ್ರೊಫೆಸರರು ವಿಶ್ವವಿದ್ಯಾಲಯದಲ್ಲಿ ಇಪ್ಪತ್ತಾರು ವರ್ಷ ಪಾಠ ಮಾಡಿದವರು. ವಿಷಯ, ನರಮೇಧ. ಒಂದು ಜನ ಇನ್ನೊಂದು ಜನವನ್ನು ಬುಡಸಮೇತ ಅಳಿಸಿಹಾಕಲು ಹೊರಟದ್ದು ಎಲ್ಲೆಲ್ಲಿ, ಹೇಗೆ, ಯಾರ ಸಹಿಯಿಂದ ಎಂಬುದನ್ನು ಒಂಬೈನೂರು ಪುಟಗಳಲ್ಲಿ ಬರೆದಿದ್ದರು. ಅದರಲ್ಲಿ ಮುನ್ನೂರು ಪುಟ ಅಡಿಟಿಪ್ಪಣಿ. ವಿದ್ಯಾರ್ಥಿಗಳು ಬೆನ್ನ ಹಿಂದೆ ಅವರನ್ನು ‘ಅಡಿಟಿಪ್ಪಣಿ’ ಎಂದೇ ಕರೆಯುತ್ತಿದ್ದರು. ನೆಂಟರ ಮದುವೆಗಳಲ್ಲಿ ಯಾರಾದರೂ, “ತಾವು ಏನು ಪಾಠ ಮಾಡ್ತೀರಿ?” ಎಂದು ಕೇಳಿದರೆ ಅವರು ಬಾಯಿ ತೆರೆಯುವ ಮೊದಲೇ ಹೆಂಡತಿ, “ಹಿಸ್ಟರಿ, ಹಿಸ್ಟರಿ,” ಎಂದುಬಿಡುತ್ತಿದ್ದರು. ಒಮ್ಮೆ ಅವರೇ ಇದ್ದದ್ದನ್ನು ಇದ್ದ ಹಾಗೆ ಹೇಳಿದ ದಿನ ಊಟದ ಸಾಲಿನಲ್ಲಿ ಅವರ ಎರಡೂ ಪಕ್ಕದ ಕುರ್ಚಿಗಳು ಖಾಲಿಯಾಗಿದ್ದವು.

ಈ ವರ್ಷ ಅವರ ಪಾಠವನ್ನು ನಿಲ್ಲಿಸಿದ್ದರು. ಸೇರಿದವರು ಮೂರೇ ಜನ. ಅವರಲ್ಲೊಬ್ಬ ಆ ಕೊಠಡಿ ಕ್ಯಾಂಟೀನಿಗೆ ಹತ್ತಿರ ಎಂದು ಸೇರಿದವನು. ನಿವೃತ್ತಿಗೆ ಎಂಟು ತಿಂಗಳಿತ್ತು. ತಾವು ಹೊರಟ ಮೇಲೆ ಇದನ್ನು ಹೇಳುವವರೇ ಇರುವುದಿಲ್ಲ ಎಂಬ ಕೊರಗು ಅವರನ್ನು ತಿನ್ನುತ್ತಿದ್ದಾಗಲೇ ಮಕ್ಕಳ ಪುಸ್ತಕ ಪ್ರಕಟಿಸುವ ಹೆಂಗಸೊಬ್ಬರು ಅವರ ಕೋಣೆಗೆ ಬಂದು ಎದುರಿಗೆ ಕೂತರು.

“ಇಪ್ಪತ್ತಾರು ವರ್ಷದಲ್ಲಿ ಎಷ್ಟು ಜನಕ್ಕೆ ಪಾಠ ಮಾಡಿದೀರಿ ಸಾರ್?”

“ಸುಮಾರು ನಾನೂರು ಜನಕ್ಕೆ.”

“ನಮ್ಮ ಆನೆ ಪುಸ್ತಕ ಹತ್ತು ಸಾವಿರ ಮಕ್ಕಳ ಕೈಯಲ್ಲಿದೆ. ಹದಿಮೂರು ವರ್ಷದವರಿಗೆ ನೂರು ಪುಟ ಬರೆದುಕೊಡಿ. ನಿಮಗೆ ಗೊತ್ತಿರೋದನ್ನೇ, ಕಥೆ ಮಾಡಿ. ಮತ್ತೆ ದಯವಿಟ್ಟು ಒಂದು ಪ್ರಾಣಿ ಹಾಕಿ.”

“ಪ್ರಾಣಿ?”

“ಪ್ರಾಣಿ ಇಲ್ದಿದ್ರೆ ಮಕ್ಕಳು ಓದಲ್ಲ ಸಾರ್.”

ನದಿ ದಂಡೆಯ ಊರೊಂದರ ಬೀದಿಯಲ್ಲಿ ನಡೆದದ್ದನ್ನು ಅವರು ಆರಿಸಿಕೊಂಡರು. ಹನ್ನೊಂದು ಮನೆಗಳವರನ್ನು ಒಂದೇ ಬೆಳಗಿನ ಜಾವ ಲಾರಿ ಹತ್ತಿಸಿದ್ದರು. ಒಬ್ಬರೂ ತಿರುಗಿ ಬಂದಿರಲಿಲ್ಲ. ಪ್ರಾಣಿಯ ವಿಷಯದಲ್ಲಿ ಎರಡು ದಿನ ಮನಸ್ಸಿನಲ್ಲೇ ಜಗಳವಾಡಿ, ಕೊನೆಗೆ ಆರನೆಯ ಪುಟದಲ್ಲಿ ಒಂದು ಸಾಲು ಸೇರಿಸಿದರು: ‘ಖಾಲಿ ಮಾಡಿಸಲಾದ ಮನೆಗಳ ಹಿತ್ತಲಿನಲ್ಲಿ ಕೋಳಿಗಳು ಓಡಾಡುತ್ತಿದ್ದವು.’ ತಮ್ಮ ಮಟ್ಟಿಗೆ ಅದು ತೀರಾ ಸ್ವೇಚ್ಛಾಚಾರ ಎನ್ನಿಸಿತು. ಮಕ್ಕಳ ಮೇಲೆ ಮೊದಲು ಪ್ರಯೋಗ ಮಾಡಿ ನೋಡೋಣವೆಂದು ತಂಗಿಯ ಶಾಲೆಯ ಎಂಟನೇ ತರಗತಿ ‘ಬಿ’ ವಿಭಾಗಕ್ಕೆ ಬಂದಿದ್ದರು.

ಓದು ಮುಗಿದ ಮೇಲೆ ತಂಗಿ ಎಲ್ಲರಿಗೂ ಚೀಟಿ ಹಂಚಿದಳು. ಹೆಸರು ಬರೆಯಬೇಡಿ, ಅನ್ನಿಸಿದ್ದನ್ನು ಬರೆಯಿರಿ ಎಂದಳು. ಪ್ರೊಫೆಸರರಿಗೆ ಬೆವರಿತು. ತಮ್ಮ ಪಿಎಚ್.ಡಿ. ಮೌಖಿಕ ಪರೀಕ್ಷೆಯಲ್ಲೂ ಅವರು ಹೀಗೆ ಬೆವರಿರಲಿಲ್ಲ.

“ಓದ್ತೀನಿ ಕೇಳು,” ಎಂದಳು ತಂಗಿ, ಅವಳಿಗೆ ಒಳಗೊಳಗೇ ಖುಷಿ. “‘ಮೊದಲನೇ ವಾಕ್ಯ ಮುಗಿಯೋ ಹೊತ್ತಿಗೆ ಅದು ಹೇಗೆ ಶುರುವಾಯ್ತು ಅಂತ ಮರೆತುಹೋಯ್ತು.’ ಇದು ನೋಡು, ‘ತತ್ಸಂಬಂಧಿತ ಅಂದ್ರೆ ಅವರ ಸಂಬಂಧಿಕರಾ?’ ಇನ್ನೊಂದು, ‘ಸಾರ್ ಕೋಟು ಚೆನ್ನಾಗಿದೆ.’”

“ಅದನ್ನ ಬಿಡು.”

“ಇದನ್ನ ಬಿಡಲ್ಲ. ‘ಈ ಕಥೆಯಲ್ಲಿ ಎಲ್ಲಾ ಮಾಡಲಾಯಿತು, ಒಯ್ಯಲಾಯಿತು, ಕೊಲ್ಲಲಾಯಿತು ಅಂತಾನೇ ಇದೆ. ಮಾಡಿದ್ದು ಯಾರು? ಯಾರೂ ಮಾಡದೆ ತಾನಾಗೇ ಆಗಿಹೋಯ್ತಾ?’”

ಪ್ರೊಫೆಸರರು ಆ ಚೀಟಿಯನ್ನು ಇಸಿದುಕೊಂಡು ಕೋಟಿನ ಜೇಬಿಗೆ ಹಾಕಿಕೊಂಡರು. ಅಷ್ಟರಲ್ಲಿ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಿದ್ದಳು. ಚೀಟಿಯಲ್ಲಿ ಬರೆಯುವಷ್ಟು ತಾಳ್ಮೆ ಅವಳಿಗಿರಲಿಲ್ಲ.

“ಸಾರ್, ಆ ಕೋಳಿಗಳಿಗೆ ಆಮೇಲೆ ಕಾಳು ಹಾಕಿದ್ದು ಯಾರು?”

“ಅದು ದಾಖಲೆಗಳಲ್ಲಿ ಇಲ್ಲಮ್ಮ.”

“ದಾಖಲೆ ಇಲ್ಲ ಅಂದ್ರೆ ಕೋಳಿ ಉಪವಾಸ ಇರುತ್ತಾ ಸಾರ್?”

ಇಡೀ ಕ್ಲಾಸು ಗೊಳ್ಳೆಂದಿತು. ಹುಡುಗಿ ಮಾತ್ರ ನಗಲಿಲ್ಲ. “ನಮ್ಮ ಮನೇಲಿ ಹದಿನಾಲ್ಕು ಕೋಳಿ ಇದೆ. ಎರಡು ದಿನ ಎಲ್ಲಾದ್ರೂ ಹೋದ್ರೂ ಪಕ್ಕದ ಮನೆಯವರಿಗೆ ಹೇಳಿ ಹೋಗ್ತೀವಿ. ಇವರಿಗೆ ಹೇಳೋಕೆ ಟೈಮೇ ಕೊಡ್ಲಿಲ್ವಲ್ಲ. ಪಕ್ಕದ ಮನೆಯವರು ಏನು ಮಾಡಿದ್ರು?”

ಮರುದಿನ ಪ್ರೊಫೆಸರರು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ ಆ ಊರಿಗೆ ಸಂಬಂಧಪಟ್ಟ ಕಡತಗಳನ್ನೆಲ್ಲ ಕೇಳಿದರು. “ಎಲ್ಲಾ ನೀವು ಹತ್ತು ಸಲ ನೋಡಿರೋದೇ ಅಲ್ವಾ ಸಾರ್? ಈಗ ಏನು ಹುಡುಕ್ತಿದೀರಿ?” ಎಂದ ಗ್ರಂಥಪಾಲಕ.

“ಕೋಳಿ.”

ಗ್ರಂಥಪಾಲಕ ಅವರ ಮುಖ ನೋಡಿದ. ನಿವೃತ್ತಿ ಹತ್ತಿರ ಬಂದವರ ಬಗ್ಗೆ ಅವನಿಗೆ ಅನುಭವವಿತ್ತು. “ಪಶುವೈದ್ಯ ವಿಭಾಗ ಕೆಳಗಡೆ ಸಾರ್,” ಎಂದು ಮೆತ್ತಗೆ ಹೇಳಿದ.

ಮೂರು ದಿನ ಹುಡುಕಿದರು. ಎಷ್ಟು ಲಾರಿ, ಎಷ್ಟು ಲೀಟರ್ ಡೀಸೆಲ್, ಬಾಗಿಲುಗಳಿಗೆ ಜಡಿದ ಬೀಗಗಳ ನಂಬರು, ಮಳೆಯಿಂದಾಗಿ ಅರ್ಧ ಗಂಟೆ ತಡವಾದದ್ದಕ್ಕೆ ಅಧಿಕಾರಿ ಬರೆದುಕೊಟ್ಟ ಸಮಜಾಯಿಷಿ, ಎಲ್ಲವೂ ಇತ್ತು. ಕೋಳಿ ಇರಲಿಲ್ಲ. ಪಕ್ಕದ ಮನೆಯವರೂ ಇರಲಿಲ್ಲ.

ಭಾನುವಾರ ಮಧ್ಯಾಹ್ನ ತಂಗಿಯ ಮನೆಗೆ ಹೋದರು. ಅಮ್ಮ ಇದ್ದದ್ದು ಅಲ್ಲೇ. ಎಂಬತ್ತನಾಲ್ಕು ವರ್ಷ, ಎಡಗಿವಿ ಪೂರ್ತಿ ಮಂದ, ಬಲಗಿವಿ ಬೇಕೆಂದಾಗ ಚುರುಕು. ಮೂವರೂ ಅಡುಗೆಮನೆಯ ಮೇಜಿನ ಸುತ್ತ ಕೂತು ಬಟಾಣಿ ಸುಲಿಯುತ್ತಿದ್ದರು. ತಂಗಿ ಗ್ರಂಥಪಾಲಕನ ಪ್ರಸಂಗವನ್ನು ಉಪ್ಪುಖಾರ ಹಚ್ಚಿ ಹೇಳಿ, ಬಿದ್ದು ಬಿದ್ದು ನಕ್ಕಳು. “ಒಂಬೈನೂರು ಪುಟ ಬರೆದವನು ಕೋಳಿ ಕಾಳಿನ ಪ್ರಶ್ನೇಲಿ ಫೇಲಾದ ಕಣಮ್ಮ!”

“ಕಾಳೆಲ್ಲಿತ್ತು ಆಗ? ತೌಡು,” ಎಂದರು ಅಮ್ಮ.

“ಏನಮ್ಮಾ?”

“ಕಾಳು ನಮಗೇ ಇರ್ಲಿಲ್ಲ. ತೌಡು ಕಲಸಿ ಹಾಕ್ತಿದ್ದೆ. ಏಳು ಕೋಳಿ, ಒಂದು ಹುಂಜ. ಆ ಹುಂಜಕ್ಕೆ ನನ್ನ ಕಂಡ್ರೆ ಆಗ್ತಿರ್ಲಿಲ್ಲ, ಅಟ್ಟಿಸ್ಕೊಂಡು ಬರೋದು.”

ಪ್ರೊಫೆಸರರ ಬೆರಳುಗಳು ಬಟಾಣಿಯ ಮೇಲೆ ಹಾಗೇ ನಿಂತವು. ಆ ಊರು ಅಮ್ಮನ ತವರೂರು. ಅವರು ಸಂಶೋಧನೆ ಶುರುಮಾಡಿದಾಗ ಮೊಟ್ಟಮೊದಲು ಕೂರಿಸಿಕೊಂಡು ಕೇಳಿದ್ದೇ ಅಮ್ಮನನ್ನು. ಟೇಪ್ ರೆಕಾರ್ಡರ್ ಇಟ್ಟು, ನಲವತ್ತೆರಡು ಪ್ರಶ್ನೆಗಳ ಅಚ್ಚಾದ ಪಟ್ಟಿ ಹಿಡಿದು ಕೇಳಿದ್ದರು. ಎಲ್ಲಕ್ಕೂ ಅಮ್ಮ ‘ಇಲ್ಲ’, ‘ಗೊತ್ತಿಲ್ಲ’ ಎಂದಿದ್ದರು. ‘ಕುಟುಂಬದಲ್ಲಿ ಸಾಕ್ಷಿಗಳಿಲ್ಲ’ ಎಂದು ಷರಾ ಬರೆದು ಕಡತ ಮುಚ್ಚಿದ್ದರು.

“ನೀನು ಏನೂ ನೋಡಿಲ್ಲ ಅಂದಿದ್ದೆಯಲ್ಲಮ್ಮ!”

“ಘಟನೆಯನ್ನ ಕಣ್ಣಾರೆ ಕಂಡಿದೀರಾ ಅಂತ ಕೇಳ್ದೆ. ಅದೂ ನನ್ನನ್ನ ಬಹುವಚನದಲ್ಲಿ ಕರೆದು! ಘಟನೆ ನಾನೆಲ್ಲಿ ಕಂಡೆ? ಎದ್ದಾಗ ಆಚೆ ಮನೆ ಖಾಲಿ. ಕೋಳಿ ಕೂಗ್ತಿತ್ತು. ಕೋಳಿ ವಿಷಯ ನೀನು ಕೇಳ್ಲೇ ಇಲ್ಲ.”

ತಂಗಿ ನಗುವುದನ್ನು ನಿಲ್ಲಿಸಿದ್ದಳು. ಅಮ್ಮ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ನಂಗೆ ಒಂಬತ್ತು ವರ್ಷ. ನಮ್ಮಮ್ಮ ಬೇಲಿ ಸಂದಿಯಿಂದ ನನ್ನ ತೂರಿಸೋರು, ತೌಡು ಹಾಕಿ ಮೊಟ್ಟೆ ತಗೊಂಡು ಬಾ ಅಂತ. ತಂದಿದ್ದನ್ನ ಬೇರೆ ಬುಟ್ಟೀಲಿ ಇಡೋರು. ಅವ್ರು ಬಂದ ಮೇಲೆ ಕೊಡ್ಬೇಕಲ್ಲ. ಮುಟ್ಟಿದ್ರೆ ಕೈ ಮುರೀತೀನಿ ಅಂತಿದ್ರು.”

“ಆಮೇಲೆ?”

“ಆಮೇಲೆ ಏನು, ಬುಟ್ಟಿ ತುಂಬ್ತು. ಇನ್ನೊಂದು ಬುಟ್ಟಿ ಇಟ್ರು. ಅವ್ರು ಬರ್ಲಿಲ್ಲ. ಮೊಟ್ಟೆ ಎಷ್ಟು ದಿನ ಇರುತ್ತೆ ಹೇಳು? ಒಂದಿನ ನಮ್ಮಪ್ಪ, ‘ಕೊಳೆತುಹೋಗತ್ತೆ,’ ಅಂದ್ರು. ಅಷ್ಟೇ ಅಂದಿದ್ದು. ನಮ್ಮಮ್ಮ ಹೋಗಿ ಒಲೆ ಹಚ್ಚಿದ್ರು. ಮೊದಲನೇದು ನಂಗೇ ಕೊಟ್ರು, ತೌಡು ಹಾಕಿದೋಳು ನಾನು ಅಂತ.”

ಅಮ್ಮ ಒಂದು ಹುಳುಕು ಕಾಳನ್ನು ಆರಿಸಿ ಪಕ್ಕಕ್ಕಿಟ್ಟರು.

“ರುಚಿಯಾಗಿತ್ತು ಕಣೋ. ಅದನ್ನ ಯಾರಿಗೆ ಅಂತ ಹೇಳೋದು?”

ಪ್ರೊಫೆಸರರು ಜೇಬಿನಲ್ಲಿ ಪೆನ್ನು ತಡಕಿದರು. ಸಿಕ್ಕಿತು, ಆದರೆ ಹೊರಗೆ ತೆಗೆಯಲಿಲ್ಲ. ಬಟಾಣಿ ಮುಗಿಯುವ ತನಕ ಮೂವರೂ ಸುಲಿದರು.

ಹಳೆಯ ಹಸ್ತಪ್ರತಿಯನ್ನು ಪಕ್ಕಕ್ಕಿಟ್ಟು ಅವರು ಹೊಸದಾಗಿ ಬರೆದರು. ಬೇಲಿ ಸಂದಿಯಲ್ಲಿ ನುಸುಳುವ ಒಂಬತ್ತು ವರ್ಷದ ಹುಡುಗಿ, ಅಟ್ಟಿಸಿಕೊಂಡು ಬರುವ ಹುಂಜ, ಎರಡು ಬುಟ್ಟಿ. ‘ಮಾಡಲಾಯಿತು’ ಎಂದು ಕೈ ತಾನಾಗಿ ಬರೆದಾಗಲೆಲ್ಲ ಹೊಡೆದುಹಾಕಿ, ಯಾರು ಮಾಡಿದರೆಂದು ಬರೆದರು. ಅದು ತುಂಬ ಕಷ್ಟದ ಕೆಲಸವಾಗಿತ್ತು. ಐವತ್ತೆಂಟು ಪುಟವಾಯಿತು, ಅಡಿಟಿಪ್ಪಣಿ ಒಂದೂ ಇಲ್ಲ. ರಾತ್ರಿ ಮಲಗುವಾಗ ಬರಿಗಾಲಲ್ಲಿ ರಸ್ತೆಗೆ ಬಂದ ಹಾಗೆ ಅನ್ನಿಸುತ್ತದೆಂದು ಹೆಂಡತಿಗೆ ಹೇಳಿದರು.

ಪ್ರಕಾಶಕಿ ಓದಿ ಫೋನು ಮಾಡಿದರು. “ಹುಂಜ ಅದ್ಭುತ ಸಾರ್! ಮುಖಪುಟಕ್ಕೇ ಹಾಕ್ತೀನಿ. ಒಂದೇ ಒಂದು ಚಿಕ್ಕ ವಿಷಯ. ಆ ಮಗು ಮೊಟ್ಟೆ ತಿನ್ನೋದು. ತಾಯಂದಿರು ಬೇಜಾರು ಮಾಡ್ಕೋತಾರೆ. ಅವಳು ತಟ್ಟೆ ದೂಡಿ, ನಂಗೆ ಬೇಡ ಅಂತ ಅತ್ತರೆ ಚೆನ್ನಾಗಿರುತ್ತಲ್ವಾ?”

“ತಿಂದಳು,” ಎಂದರು ಪ್ರೊಫೆಸರ್.

“ಸರಿ, ತಿನ್ನಲಿ. ಆದ್ರೆ ರುಚಿಯಾಗಿತ್ತು ಅನ್ನೋದನ್ನಾದ್ರೂ—”

“ರುಚಿಯಾಗಿತ್ತು.” ಇಷ್ಟು ವರ್ಷಗಳಲ್ಲಿ ಆಧಾರ ಕೊಡದೆ ಅವರು ಇಷ್ಟು ಗಟ್ಟಿಯಾಗಿ ಮಾತಾಡಿದ್ದು ಇದೇ ಮೊದಲು. “ಅದನ್ನ ತೆಗೆದ್ರೆ ಪುಸ್ತಕ ಬೇಡ. ಹುಂಜಾನೂ ಕೊಡಲ್ಲ.”

ಕೊನೆಗೆ ಪ್ರಕಾಶಕಿ, “ಇರ್ಲಿ ಬಿಡಿ ಸಾರ್,” ಎಂದರು, ಅವರ ದನಿ ಸ್ವಲ್ಪ ಬೇರೆಯಾಗಿತ್ತು.

ಎಂಟನೇ ‘ಬಿ’ಯಲ್ಲಿ ಎರಡನೆಯ ಸಲ ಓದುವ ದಿನ ಅಮ್ಮ ತಾನೂ ಬರುತ್ತೇನೆಂದು ಹಟ ಹಿಡಿದರು. ಮಗ ತನ್ನ ಕೋಳಿಗಳ ಲೆಕ್ಕ ತಪ್ಪಿಸಿದರೆ ತಿದ್ದಬೇಕಲ್ಲ ಎಂಬುದು ಅವರು ಕೊಟ್ಟ ಕಾರಣ. ಬಲಗಿವಿಯನ್ನು ಮಗನ ಕಡೆ ತಿರುಗಿಸಿಕೊಂಡು ಮೊದಲನೆಯ ಬೆಂಚಿನಲ್ಲಿ ಕೂತರು. ಹುಂಜ ಬಂದಾಗ ಮಕ್ಕಳು ನಕ್ಕರು. ಅಮ್ಮ ಎಲ್ಲರಿಗಿಂತ ಜೋರಾಗಿ ನಕ್ಕರು. ಮೊಟ್ಟೆಯ ಭಾಗ ಬಂದಾಗ ಯಾರೂ ಆಕಳಿಸಲಿಲ್ಲ, ಕೆಮ್ಮಲೂ ಇಲ್ಲ.

ಓದು ಮುಗಿಯಿತು. ಕೊನೆಯ ಬೆಂಚಿನ ಹುಡುಗಿ ಎದ್ದು ನಿಂತಳು. ಈ ಸಲ ಅವಳು ನೋಡಿದ್ದು ಪ್ರೊಫೆಸರರನ್ನಲ್ಲ.

“ಅಜ್ಜೀ, ಅದು ನೀವೇ ಅಲ್ವಾ?”

“ಹೂಂ ಮಗಾ. ನಾನೇ.”

“ಆ ಮನೇಲಿ ಮಕ್ಕಳಿದ್ರಾ?”

“ಮೂರು ಜನ ಇದ್ರು.”

“ಅವರ ಹೆಸರೇನು?”

ಪ್ರೊಫೆಸರರು ತಮ್ಮ ಹಾಳೆ ನೋಡಿಕೊಂಡರು. ಅಧಿಕಾರಿಗಳ ಪಟ್ಟಿಯಲ್ಲಿ ‘ಐದು ಜನರ ಕುಟುಂಬ’ ಎಂದಿತ್ತು. ಅವರೂ ಹಾಗೇ ಬರೆದಿದ್ದರು. ಅಮ್ಮ ಬೆಂಚಿನ ಅಂಚು ಹಿಡಿದು ಎದ್ದರು. ತಂಗಿ ಕೈ ಕೊಡಲು ಬಂದರೆ ಬೇಡವೆಂದು ತಲೆಯಾಡಿಸಿ, ಬೋರ್ಡಿನ ಹತ್ತಿರ ಹೋಗಿ ಸೀಮೆಸುಣ್ಣ ತೆಗೆದುಕೊಂಡರು. ಒತ್ತಕ್ಷರಗಳಿಗೆ ಹಳೆಯ ಕಾಲದ ಹಾಗೆ ಉದ್ದ ಬಾಲ ಎಳೆಯುತ್ತ, ಬೋರ್ಡಿನ ಈ ಅಂಚಿನಿಂದ ಆ ಅಂಚಿನ ತನಕ ದಪ್ಪಗೆ ಒಂದು ಹೆಸರು ಬರೆದರು. ಅದರ ಕೆಳಗೆ ಇನ್ನೊಂದು. ಮೂರನೆಯದಕ್ಕೆ ಕೈ ತಡೆಯಿತು.

“ಚಿಕ್ಕದಕ್ಕೆ ಇನ್ನೂ ಹೆಸರಿಟ್ಟಿರ್ಲಿಲ್ಲ ಅನ್ಸುತ್ತೆ. ಕರೀತಿದ್ದ ಹಾಗೇ ಬರೀತೀನಿ,” ಎಂದು ಬರೆದರು.

ಗಂಟೆ ಹೊಡೆಯಿತು. ಅಮ್ಮನನ್ನು ಅಣ್ಣ ತಂಗಿ ಇಬ್ಬರೂ ಬಾಗಿಲಿನ ತನಕ ನಡೆಸಿಕೊಂಡು ಬರುವಷ್ಟರಲ್ಲಿ ಮುಂದಿನ ಪಿರಿಯಡ್ಡಿನ ಗಣಿತದ ಮೇಷ್ಟರು ಒಳಗೆ ಬಂದರು. ಬೋರ್ಡನ್ನು ಕನ್ನಡಿಯ ಹಾಗೆ ಒರೆಸದೆ ಒಂದು ಅಂಕಿಯನ್ನೂ ಬರೆಯದವರೆಂದು ಶಾಲೆಯಲ್ಲೆಲ್ಲ ಹೆಸರಾಗಿದ್ದ ಮನುಷ್ಯ. ಬಂದವರೇ ಡಸ್ಟರ್ ಎತ್ತಿದರು. ಮಕ್ಕಳೆಲ್ಲ ಅವರ ಕೈಯನ್ನೇ ನೋಡಿದರು. ಮೇಷ್ಟರು ತಿರುಗಿ ಮಕ್ಕಳನ್ನು ನೋಡಿದರು, ಬೋರ್ಡನ್ನು ನೋಡಿದರು, ಬಾಗಿಲಲ್ಲಿ ನಿಂತಿದ್ದ ಮುದುಕಿಯ ಬೆರಳಿಗಂಟಿದ ಬಿಳಿ ಪುಡಿಯನ್ನು ನೋಡಿದರು. ಮೂರು ಹೆಸರುಗಳನ್ನೂ ಒಮ್ಮೆ ತುಟಿಯಲ್ಲೇ ಓದಿಕೊಂಡರು. ಆಮೇಲೆ ಡಸ್ಟರನ್ನು ಮೇಜಿನ ಮೇಲಿಟ್ಟು, ಮೊಣಕಾಲು ಬಗ್ಗಿಸಿ ಕುಕ್ಕರಿಸಿ, ಬೋರ್ಡಿನ ಕೆಳಮೂಲೆಯಲ್ಲಿ ಉಳಿದಿದ್ದ ಒಂದು ಗೇಣು ಜಾಗದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅವತ್ತಿನ ಲೆಕ್ಕ ಬರೆಯತೊಡಗಿದರು. ಹಿಂದಿನ ಬೆಂಚುಗಳವರಿಗೆ ಅದು ಕಾಣಲಿಲ್ಲ. ಅವರು ಒಬ್ಬೊಬ್ಬರಾಗಿ ಎದ್ದು ನಿಂತರು.