ಬೆಣೆ ತೆಗೆಯುವ ದಿನ

ಸತ್ತವನ ಕೈಗೆ ಅವನ ಸಲಿಕೆ ಹಿಡಿಸಲೆಂದು ಬೆರಳು ಬಿಡಿಸಿದ ಗೋಸ್ವಿನ್ ಮೇಸ್ತ್ರಿ, ಆ ಅಂಗೈಯನ್ನು ತಿರುಗಿಸಿ ನೋಡಿ ಹಾಗೇ ನಿಂತುಬಿಟ್ಟ.

"ಇದೇನು ಓಡಿಲಕ್ಕ? ಗಾರೆ ಕಲಸೋನ ಕೈಯಾ ಇದು? ಪಾದ್ರಿ ಕೈ ಇದ್ದಂಗಿದೆ."

ಚಟ್ಟದ ಸುತ್ತ ನಿಂತವರೆಲ್ಲ ಬಗ್ಗಿದರು. ಮೂವತ್ತು ವರ್ಷ ಸುಣ್ಣದಲ್ಲಿ ಬೆಂದ ವಿಪೆರ್ಟನ ಅಂಗೈಯಲ್ಲಿ ಒಂದು ಬಿರುಕೂ ಇರಲಿಲ್ಲ. ಹಳೆಯ ಗಾಯಗಳೆಲ್ಲ ಮಾಗಿ ಚರ್ಮ ಮೆತ್ತಗಾಗಿತ್ತು.

"ಹೆಣ ತೊಳೆಯುವಾಗ್ಲೇ ನೋಡ್ದೆ," ಎಂದಳು ನೆರೆಮನೆಯ ಹಿಲ್ಟ್ರೂಡ್. "ಸತ್ತೋರ ಮಾತು ಯಾಕೆ ಅಂತ ಸುಮ್ನಿದ್ದೆ." ಸುಮ್ಮನಿರುವುದು ಹಿಲ್ಟ್ರೂಡಳಿಗೆ ಎಷ್ಟು ಕಷ್ಟವೆಂದು ರೈನ್ ನದಿಯ ಎರಡೂ ದಡಕ್ಕೆ ಗೊತ್ತಿತ್ತು.

ಚಟ್ಟವಿದ್ದದ್ದು ಹೊಸದಾಗಿ ಏಳುತ್ತಿದ್ದ ದೊಡ್ಡ ಇಗರ್ಜಿಯ ಮೊದಲ ಕಮಾನಿನ ಕೆಳಗೆ. ಊರಿನ ಹಳೆಯ ಇಗರ್ಜಿಯಲ್ಲಿ ಸಾವಿನ ಗಂಟೆ ಹೊಡೆಯುತ್ತಿತ್ತು. ಕೆಲಸ ಶುರುವಾಗಿ ಹದಿನೆಂಟು ವರ್ಷ. ಮೂವರು ಬಿಷಪ್ಪರು ಬಂದು ಹೋದರು, ಎದ್ದದ್ದು ಮಾತ್ರ ಒಂದೇ ಕಮಾನು. ಅದೂ ಇನ್ನೂ ಮರದ ಆಸರೆಯ ಮೇಲೆ ಕೂತಿತ್ತು. ಇವತ್ತು ಬೆಣೆ ಬಡಿದು ಆ ಆಸರೆಯನ್ನು ಇಳಿಸಬೇಕು. ಆಗ ಗಾರೆ ಕಲಸಿದವರು ಕೆಳಗಿರಬೇಕು, ಹೆಣವಾಗಿದ್ದರೂ ಸರಿ. ಅದು ಅಲ್ಲಿಯ ಕೆಲಸಗಾರರ ಕಟ್ಟಳೆ. ಕಮಾನು ನಿಂತರೆ ವಿಪೆರ್ಟನಿಗೆ ಇಗರ್ಜಿಯ ಗೋಡೆಯ ಬುಡದಲ್ಲಿ ಜಾಗ. ಕುಸಿದರೆ ಕೋಟೆಯಾಚೆ, ಕಳ್ಳರ ಪಕ್ಕದಲ್ಲಿ.

"ಇವ್ನು ಸುಣ್ಣ ಮುಟ್ಟಿ ಎರಡು ವರ್ಷ ಆಗಿದೆ," ಎಂದ ಗೋಸ್ವಿನ್. "ಹಂಗಾದ್ರೆ ಈ ಕಮಾನಿಗೆ ಗಾರೆ ಕಲಸ್ದೋರು ಯಾರು?"

ಸತ್ತವನ ಹೆಂಡತಿ ಓಡಿಲಾ ಶಾಲಿನೊಳಗಿಂದ ಎರಡೂ ಕೈಗಳನ್ನು ಹೊರಗೆ ಚಾಚಿದಳು. ಬೆರಳ ಸಂದುಗಳು ಸೀಳಿ ಕೆಂಪಾಗಿದ್ದವು, ಉಗುರುಗಳು ಅರ್ಧ ಸವೆದುಹೋಗಿದ್ದವು.

"ನಾನು," ಎಂದಳು.

* * *

ಗಾರೆಯ ಹದ ಗುಟ್ಟಿನ ವಿದ್ಯೆ. ಕಲಸುವ ಕೊಟ್ಟಿಗೆಯ ಬಾಗಿಲು ಯಾವಾಗಲೂ ಮುಚ್ಚಿರುತ್ತಿತ್ತು. ನೀರು ಹೊರುವ ಹೆಂಡತಿಗೆ ಮಾತ್ರ ಒಳಗೆ ಪ್ರವೇಶ. ವಿಪೆರ್ಟನಿಗೆ ಕೆಮ್ಮು ಹತ್ತಿ, ನಾಲ್ಕು ಸಲ ಸಲಿಕೆ ಎಳೆದರೆ ಉಸಿರು ಕಟ್ಟತೊಡಗಿದಾಗ ಆ ಬಾಗಿಲೇ ಅವರನ್ನು ಕಾಪಾಡಿತು. ಅವನು ಮೂಲೆಯಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದ, ಅವಳು ಕಲಸುತ್ತಿದ್ದಳು.

"ಕಿವಿ ಕೊಡೇ. ಸಲಿಕೆ ಕೀಳುವಾಗ ಮುತ್ತು ಕೊಟ್ಟಂಗೆ ಸದ್ದು ಬರ್ಬೇಕು."

"ಈ ವಯಸ್ಸಲ್ಲಿ ಮುತ್ತಿನ ಸದ್ದು ಯಾರಿಗೆ ನೆನಪಿದೆ?"

ಅವನು ನಗಲು ಹೋಗಿ ಕೆಮ್ಮುತ್ತಿದ್ದ.

ಹೋದ ವರ್ಷ ಮೊದಲ ಹಿಮ ಬಿದ್ದ ದಿನ ಅವನು ಜ್ವರದಲ್ಲಿ ಮೈಮರೆತು ಮನೆಯಲ್ಲಿದ್ದ. ಕಮಾನಿನ ನೆತ್ತಿಯ ಕಲ್ಲುಗಳು ಮಾತ್ರ ಉಳಿದಿದ್ದವು. ಮೇಲಿನಿಂದ ಗಾರೆ, ಗಾರೆ ಎಂದು ಕೂಗುತ್ತಿದ್ದರು. ಅವಳು ನೀರು ಬಿಸಿ ಮಾಡಿ ಒಬ್ಬಳೇ ಕಲಸಿ ಕಳಿಸಿದಳು. ಸಂಜೆ ಅವನು ಕಣ್ಣು ಬಿಟ್ಟು ಕೇಳಿದ್ದು ಒಂದೇ ಮಾತು: "ಸದ್ದು ಬಂತಾ?"

"ಬಂತು," ಎಂದಳು.

ಅವತ್ತು ಹಬ್ಬದ ಗಂಟೆ ಹೊಡೆಯುತ್ತಲೇ ಇತ್ತು. ಅವಳಿಗೆ ಯಾವ ಸದ್ದೂ ಕೇಳಿಸಿರಲಿಲ್ಲ.

* * *

"ಹೆಂಗಸು ಕಲಸಿದ ಗಾರೆ ಮೇಲೆ ದೇವರ ಮನೆ ನಿಲ್ಲತ್ತಾ?" ಪಾದ್ರಿ ಎಕ್‌ಬರ್ಟ್ ಶಿಲುಬೆಯ ಗುರುತು ಮಾಡಿಕೊಂಡ.

"ಹೆಂಗಸು ಕಲಸಿದ ರೊಟ್ಟಿ ತಿಂದೇ ನೀವು ನಿಂತಿರೋದು, ಸ್ವಾಮಿ," ಎಂದಳು ಹಿಲ್ಟ್ರೂಡ್. ಯಾರೋ ಕಿಸಕ್ಕೆಂದರು. ಆದರೆ ಹಾಗೆ ಅಂದವಳೇ ಎಲ್ಲರಿಗಿಂತ ಮೊದಲು ಕಮಾನಿನಿಂದಾಚೆ ಸರಿದಳು.

ಗೋಸ್ವಿನ್ ಬೆಣೆ ಬಡಿಯುವ ಮರದ ಕೊಡತಿ ಎತ್ತಿಕೊಂಡ. "ಕಟ್ಟಳೆ ಅಂದ್ರೆ ಕಟ್ಟಳೆ. ಕಲಸ್ದೋರು ಕೆಳಗೆ." ಆಮೇಲೆ ದನಿ ತಗ್ಗಿಸಿದ. "ಅಕ್ಕ, ಸಂಶಯ ಇದ್ರೆ ಈಗ್ಲೇ ಹೇಳ್ಬಿಡು. ಆಸರೆ ಹಂಗೇ ಬಿಟ್ಟು ಕಮಾನು ಬಿಚ್ಚಿಸ್ತೀನಿ."

"ಇವನನ್ನ ಎಲ್ಲಿ ಹೂಳ್ತೀರಿ?"

ಗೋಸ್ವಿನ್ ಕೋಟೆಯ ಬಾಗಿಲ ಕಡೆ ನೋಡಿದ. ಅಷ್ಟರಿಂದಲೇ ಅವಳಿಗೆ ತಿಳಿಯಿತು.

"ಬಡಿ," ಎಂದಳು. "ಮೊದ್ಲು ಆ ಸಾವಿನ ಗಂಟೆ ನಿಲ್ಲಿಸ್ರಪ್ಪ. ನಂಗೆ ಕೇಳಿಸ್ಬೇಕು."

ಗಂಟೆ ನಿಂತಿತು. ಅವಳು ಚಟ್ಟದ ಪಕ್ಕ ನಿಂತು ಗಂಡನ ತಣ್ಣಗಿನ ಕೈ ಹಿಡಿದಳು. ಅವಳಿಗೆ ಅಳುವಲ್ಲ, ಸಿಟ್ಟು ಬಂದಿತ್ತು. ಇಂಥ ಹೊತ್ತಿನಲ್ಲಿ ಆರಾಮವಾಗಿ ಮಲಗಿಬಿಟ್ಟನಲ್ಲ ಎಂದು.

ಮೊದಲ ಬೆಣೆ ಕಳಚಿತು. ಎರಡನೆಯದೂ. ಮೂರನೆಯದಕ್ಕೆ ಮೇಲೆಲ್ಲೋ ಲಟಕ್ಕೆಂದಿತು. ಹೊರಗಿದ್ದವರು ಕಿರುಚಿ ಹಿಂದೆ ಸರಿದರು. ನೆತ್ತಿಯಿಂದ ಒಂದು ಚಿಟಿಕೆ ಬಿಳಿ ಪುಡಿ ಉದುರಿ ವಿಪೆರ್ಟನ ಹೊದಿಕೆಯ ಮೇಲೆ ಬಿತ್ತು. ಅವಳು ತಲೆಯೆತ್ತಲಿಲ್ಲ, ಕಿವಿಗೊಟ್ಟಳು. ನರಳಿದ್ದು ಮರವೇ, ಕಲ್ಲೇ?

"ಅಕ್ಕ?" ಗೋಸ್ವಿನ್ ಎತ್ತಿದ ಕೊಡತಿಯನ್ನು ತಡೆದು ಹಿಡಿದ.

"ಮರ ಅದು. ಬಡಿ."

ನಾಲ್ಕನೆಯ ಬೆಣೆ ಹಾರಿತು. ಮರದ ಆಸರೆ ದಡಕ್ಕನೆ ಒಂದು ಬೆರಳಿನಷ್ಟು ಕುಸಿಯಿತು. ಕಮಾನು ಅದರ ಜೊತೆ ಇಳಿಯಲಿಲ್ಲ. ಕಲ್ಲಿಗೂ ಮರಕ್ಕೂ ನಡುವೆ ತೆಳ್ಳಗೆ ಬೆಳಕಿನ ಗೆರೆ ಮೂಡಿತು. ಪಾದ್ರಿ ಕೆಮ್ಮಿ, ಗೋಡೆಯ ಬುಡದಲ್ಲಿ ಅಗೆದಿಟ್ಟ ಗುಂಡಿಯ ಕಡೆ ಕೈ ತೋರಿಸಿದ.

ವಿಪೆರ್ಟನನ್ನು ಅಲ್ಲಿ ಇಳಿಸಿದರು. ಓಡಿಲಾ ಮೊದಲ ಹಿಡಿ ಮಣ್ಣಿಗೆ ಬಗ್ಗುವಷ್ಟರಲ್ಲಿ ಗೋಸ್ವಿನ್, "ತಡಿ ಅಕ್ಕ," ಎಂದು ಗುಂಡಿಗೆ ಇಳಿದ. ಸತ್ತವನ ಎದೆಯ ಮೇಲಿದ್ದ ಸಲಿಕೆಯನ್ನು ಎತ್ತಿಕೊಂಡು ಮೇಲೆ ಬಂದು, ಅದರ ಮರದ ಕಾವನ್ನು ಬಿಸಿಲಿಗೆ ಹಿಡಿದು ನೋಡಿದ. ಮೇಲೆ ಅಗಲ ಅಂಗೈಯ ಹಳೆಯ ಸವೆತ, ಅದಕ್ಕಿಂತ ಗೇಣಿನಷ್ಟು ಕೆಳಗೆ ಇನ್ನೊಂದು, ಚಿಕ್ಕದು, ರಕ್ತ ಕುಡಿದು ಕಪ್ಪಾದದ್ದು. ಆ ಕೆಳಗಿನ ಸವೆತ ಅವಳ ಕೈಗೆ ಸಿಗುವಂತೆ ಅವನು ಸಲಿಕೆಯನ್ನು ತಿರುಗಿಸಿ ಚಾಚಿದ.